ಸ್ಕಡ್, ಸ್ಟಿಕ್ಸ್, ಸೇಟನ್: ಸೋವಿಯತ್ ಮಿಸೈಲ್‌ಗಳಿಗೆ ನ್ಯಾಟೋ ಇಟ್ಟ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲ್ಲಿ ಯುದ್ಧ ನಡೀತಿದ್ದ 1991ರ ಜನವರಿ-ಫೆಬ್ರವರಿಲಿ ನಮ್ಮನೇಲಿ ರೇಡಿಯೋ ವಾರ್ತೆ ಶುರುವಾದ್ರೆ ಸಾಕು, ಸ್ಕಡ್, ಸ್ಕಡ್, ಸ್ಕಡ್. ಸದ್ದಾಂ ಹುಸೇನ್ ಸ್ಕಡ್ ಬಿಟ್ಟ, ಅದನ್ನ ಗಾಳಿಯಲ್ಲೇ ಹೊಡೆಯೋಕೆ ಅಮೆರಿಕದವರು ಪೇಟ್ರಿಯಟ್ ಮಿಸೈಲ್ ಬಿಟ್ರು. ನಾನಾಗ ಹೈಸ್ಕೂಲು, ಸ್ಕಡ್ ಅನ್ನೋದು ಅರಬ್ಬಿ ಪದ ಇರಬೇಕು ಅಂದ್ಕೊಂಡಿದ್ದೆ. ಅದು ಇರಾಕಿನವರು ಇಟ್ಟ ಹೆಸರೂ ಅಲ್ಲ, ಮಾಡಿ ಮಾರಿದ ರಷ್ಯನ್ನರು ಇಟ್ಟಿದ್ದೂ ಅಲ್ಲ, ಎದುರು ಪಾಳಯದವರು ಇಟ್ಟಿದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಆವತ್ತಿಂದ ಈ ಹೆಸರುಗಳ ಹಿಂದೆ ಬಿದ್ದಿದೀನಿ. ಎಲ್ಲರೂ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಆಗಿರೋದ್ರಿಂದ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ನೆಲದಿಂದ, ಹಡಗಿಂದ, ಸಬ್‌ಮರೀನಿಂದ ಹಾರೋ ಮಿಸೈಲ್‌ಗಳ ಬಗ್ಗೇನೇ ಜಾಸ್ತಿ, ವಿಮಾನದ್ದು ಬೇಕಾದಷ್ಟೇ.

ಈ ಹೆಸರುಗಳನ್ನ ಇಟ್ಟಿದ್ದು ಯಾರು?

ನ್ಯಾಟೋ (ಅಮೆರಿಕ, ಯೂರೋಪ್ ದೇಶಗಳ ಸೇನಾ ಕೂಟ) ಹೆಸರು ಅಂತ ಕರೀತೀವಿ, ಆದ್ರೆ ಹೆಸರು ಆರಿಸ್ತಿದ್ದಿದ್ದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶದ ವಾಯುಪಡೆಗಳ ಒಂದು ಜಂಟಿ ಸಮಿತಿ. ಅದರಲ್ಲಿ ಎರಡು ದೇಶ ನ್ಯಾಟೋದಲ್ಲೇ ಇಲ್ಲ ಅನ್ನೋದನ್ನ ಗಮನಿಸಿ. ಸಮಿತಿ ಹೆಸರು ಕೊಟ್ರೆ ನ್ಯಾಟೋ ಅದನ್ನ ಎತ್ತಿಕೊಂಡು ಬಳಸೋದು. ಅದರ ಜೊತೆ ಬರೋ ನಂಬರ್ ಇದೆಯಲ್ಲ, ಎಸ್‌ಎಸ್-18, ಎಸ್‌ಎ-2 ಅಂತ, ಅದು ಅಮೆರಿಕದ ರಕ್ಷಣಾ ಇಲಾಖೆ ಕೊಡೋದು. ಅಂದ್ರೆ "ಎಸ್‌ಎಸ್-18 ಸೇಟನ್" ಅಂತ ಓದಿದಾಗ ನೀವು ಎರಡು ಬೇರೆ ಬೇರೆ ಪಟ್ಟಿಯಿಂದ ಬಂದ ಎರಡು ಗುರುತನ್ನ ಒಟ್ಟಿಗೆ ಓದ್ತಿದೀರಿ.

ರಷ್ಯನ್ನರದ್ದೇ ಹೆಸರು ಇತ್ತಲ್ಲ, ಅದನ್ನೇ ಕರೆದಿದ್ರೆ ಏನಾಗ್ತಿತ್ತು?

ಗೊತ್ತಿದ್ರೆ ತಾನೇ ಕರೆಯೋದು! ಸೋವಿಯತ್ ಒಕ್ಕೂಟದಲ್ಲಿ ಕ್ಷಿಪಣಿಯ ಹೆಸರೇ ಗುಟ್ಟು. ಪಶ್ಚಿಮದವರಿಗೆ ಸಿಕ್ತಿದ್ದಿದ್ದು ಮೇ 1, ನವೆಂಬರ್ 7ರ ಕೆಂಪು ಚೌಕದ ಪರೇಡಿನ ಫೋಟೋ, ಗೂಢಚಾರಿ ವಿಮಾನದ ಫೋಟೋ, ಆಮೇಲೆ ಉಪಗ್ರಹದ ಫೋಟೋ, ಟೆಸ್ಟ್ ಮಾಡುವಾಗ ಮಿಸೈಲ್ ಕಳಿಸೋ ರೇಡಿಯೋ ಸಿಗ್ನಲ್. ಉದ್ದ ಎಷ್ಟು, ಎಷ್ಟು ಚಕ್ರದ ಗಾಡಿ ಮೇಲಿದೆ, ಮೂತಿ ಚೂಪೋ ಮೊಂಡೋ, ಇಷ್ಟು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಹೆಸರಿಲ್ಲದೆ ಕಡತ ಇಡೋಕಾಗಲ್ಲ, ಇನ್ನೊಂದು ದೇಶದ ಅಧಿಕಾರಿ ಹತ್ರ ಫೋನಲ್ಲಿ ಮಾತಾಡೋಕಾಗಲ್ಲ, ಹಾಗಾಗಿ ತಾವೇ ಒಂದು ಇಟ್ಕೊಂಡ್ರು.

ಇನ್ನೊಂದು ತೊಂದರೆ ಏನಂದ್ರೆ ರಷ್ಯನ್ ಕಡೆ ಒಂದೇ ಮಿಸೈಲ್‌ಗೆ ಮೂರ್ನಾಲ್ಕು ಹೆಸರು. ಸೇಟನ್ ಅನ್ನೇ ತಗೊಳ್ಳಿ. ವಿನ್ಯಾಸ ಮಾಡಿದವರಿಗೆ ಅದು ಆರ್-36ಎಂ. ಸೇನೆಯ ಕ್ಷಿಪಣಿ-ಫಿರಂಗಿ ವಿಭಾಗದ ರಿಜಿಸ್ಟರಲ್ಲಿ 15ಎ14. ಅಮೆರಿಕದ ಜೊತೆ ಶಸ್ತ್ರ ನಿಯಂತ್ರಣ ಒಪ್ಪಂದಕ್ಕೆ ಕೂತಾಗ ಒಳಗಿನ ಹೆಸರು ಹೇಳೋಕೆ ಇಷ್ಟ ಇಲ್ಲದೆ ಕಾಗದಕ್ಕೆ ಅಂತಲೇ ಕೊಟ್ಟ ಹೆಸರು ಆರ್‌ಎಸ್-20. ಕೊನೆಗೆ ಬಂದ ಸುಧಾರಿತ ಮಾದರಿಗೆ ವೊಯೆವೋದಾ, ಅಂದ್ರೆ ಸೇನಾಪತಿ. ಇಷ್ಟರಲ್ಲಿ ಯಾವುದನ್ನ ಹಿಡಿದು ಕರೀತೀರಿ?

ಎಸ್‌ಎಸ್-ಎನ್-2 ಅನ್ನೋ ಥರದ ಗುರುತನ್ನ ಬಿಡಿಸಿ ಓದೋದು ಹೇಗೆ?

ಎಸ್‌ಎಸ್ ಅಂದ್ರೆ ನೆಲದಿಂದ ನೆಲಕ್ಕೆ. ಮಧ್ಯದಲ್ಲಿ ಎನ್ ಬಂದ್ರೆ ನೌಕಾಪಡೆಯದ್ದು, ಹಡಗಿಂದ ಅಥವಾ ಸಬ್‌ಮರೀನಿಂದ ಹಾರೋದು. ಎಸ್‌ಎಸ್‌ಸಿ ಅಂತಿದ್ರೆ ದಡದ ಮೇಲೆ ನಿಂತು ಹಡಗಿಗೆ ಹೊಡೆಯೋದು ಅಥವಾ ನೆಲದಿಂದ ಬಿಡೋ, ವಿಮಾನದ ಹಾಗೆ ರೆಕ್ಕೆ ಮೇಲೆ ಹಾರೋ ಕ್ರೂಸ್ ಮಿಸೈಲ್. ಎಸ್‌ಎ ಅಂದ್ರೆ ನೆಲದಿಂದ ವಿಮಾನಕ್ಕೆ, ಎಸ್‌ಎ-ಎನ್ ಅಂದ್ರೆ ಅದೇ ಕೆಲಸ ಹಡಗಿನ ಮೇಲಿಂದ. ನಡುವೆ ಎಕ್ಸ್ ಇದ್ರೆ ಇನ್ನೂ ಟೆಸ್ಟಿಂಗಲ್ಲಿದೆ, ಸೇನೆಗೆ ಸೇರಿಲ್ಲ ಅಂತ. ನಂಬರ್ ಅನ್ನೋದು ಪಶ್ಚಿಮದವರ ಕಣ್ಣಿಗೆ ಬಿದ್ದ ಕ್ರಮ, ಅಷ್ಟೇ. ರಷ್ಯನ್ನರು ಯಾವುದನ್ನ ಮೊದಲು ಮಾಡಿದ್ರು ಅನ್ನೋದಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಎಲ್ಲಾ ಹೆಸರೂ ಎಸ್ ಇಂದಾನೇ ಯಾಕೆ ಶುರುವಾಗುತ್ತೆ?

ಎಲ್ಲಾ ಅಲ್ಲ, ನೆಲಕ್ಕೆ ಅಥವಾ ಹಡಗಿಗೆ ಹೊಡೆಯೋವು ಮಾತ್ರ. ಇಡೀ ಪದ್ಧತಿಯ ಜೀವ ಇರೋದೇ ಈ ಮೊದಲ ಅಕ್ಷರದಲ್ಲಿ. ಎಸ್ ಅಂದ್ರೆ ನೆಲದಿಂದ ಅಥವಾ ನೀರಿಂದ ಹಾರಿ ನೆಲಕ್ಕೆ ಅಥವಾ ಹಡಗಿಗೆ ಬಡಿಯೋದು: ಸ್ಕಡ್, ಸ್ಯಾಂಡಲ್, ಸ್ಪೈಡರ್, ಸ್ಟಿಕ್ಸ್, ಸನ್‌ಬರ್ನ್. ಜಿ ಅಂದ್ರೆ ವಿಮಾನ ಹೊಡೆಯೋದು: ಗೈಡ್‌ಲೈನ್, ಗೇನ್‌ಫುಲ್, ಗೆಕೋ, ಗ್ರೇಲ್. ಕೆ ಅಂದ್ರೆ ವಿಮಾನದಿಂದ ಕೆಳಕ್ಕೆ: ಕಿಚನ್, ಕೆಂಟ್. ಎ ಅಂದ್ರೆ ವಿಮಾನದಿಂದ ವಿಮಾನಕ್ಕೆ: ಅಟಾಲ್, ಆರ್ಚರ್. ಟ್ಯಾಂಕ್ ಒಡೆಯೋ ಮಿಸೈಲ್‌ಗಳಿಗೂ ಎಸ್ ಅನ್ನೇ ಕೊಟ್ಟಿದಾರೆ, ಸ್ಯಾಗರ್, ಸ್ಪಿಗಟ್ ಅಂತ, ಅಲ್ಲಿ ಮಾತ್ರ ನಂಬರಿನ ಮುಂದೆ ಎಟಿ ಅಂತ ಇರುತ್ತೆ.

ವಿಮಾನಗಳದ್ದೂ ಇದೇ ದಾರಿ. ಎಫ್ ಅಂದ್ರೆ ಫೈಟರ್, ನಮ್ಮ ಮಿಗ್-21 ಅವರಿಗೆ ಫಿಶ್‌ಬೆಡ್, ಸುಖೋಯ್ ಫ್ಲ್ಯಾಂಕರ್. ಬಿ ಬಾಂಬರ್, ಎಚ್ ಹೆಲಿಕಾಪ್ಟರ್, ಸಿ ಸರಕು ವಿಮಾನ. ಜೆಟ್ ಆದ್ರೆ ಹೆಸರಲ್ಲಿ ಎರಡು ಉಚ್ಚಾರ, ಪ್ರೊಪೆಲರ್ ಆದ್ರೆ ಒಂದೇ ಉಚ್ಚಾರ. ಟುಪೊಲೆವ್-95 ಹಾಗಾಗಿ ಬೇರ್. ರೇಡಿಯೋದಲ್ಲಿ ಗೊರಗೊರ ಸದ್ದಿನ ನಡುವೆ ಒಂದು ಪದ ಕಿವಿಗೆ ಬಿದ್ರೆ ಸಾಕು, ಏನು ಬರ್ತಿದೆ ಅಂತ ಅರ್ಧ ಗೊತ್ತಾಗಬೇಕು. ಈ ಯೋಚನೆ ನಂಗೆ ಈಗ್ಲೂ ತುಂಬಾ ಇಷ್ಟ ಆಗುತ್ತೆ.

ಪದಗಳಿಗೆ ಒಳಗಿನ ಅರ್ಥ ಏನಾದ್ರೂ ಇದೆಯಾ? ಸೇಟನ್ ಅಂತ ಭಯಕ್ಕೆ ಇಟ್ಟಿದ್ದಲ್ವಾ?

ಇದು ಎಲ್ಲರೂ ಕೇಳೋ ಪ್ರಶ್ನೆ, ಎಲ್ಲರೂ ತಪ್ಪು ತಿಳ್ಕೊಂಡಿರೋದೂ ಇದನ್ನೇ. ಮೊದಲ ಅಕ್ಷರ ಬಿಟ್ರೆ ಉಳಿದ ಪದದಲ್ಲಿ ಮಿಸೈಲ್ ಬಗ್ಗೆ ಹುಡುಕಬೇಕಾದ್ದು ಏನೂ ಇಲ್ಲ. ದಿನನಿತ್ಯದ ಮಾತಲ್ಲಿ ಅಷ್ಟಾಗಿ ಬರದ, ಒಂದಕ್ಕೊಂದು ಗೊಂದಲ ಆಗದ ಇಂಗ್ಲಿಷ್ ಪದ ಆದ್ರೆ ಸಾಕಿತ್ತು. ಸ್ಯಾಪ್‌ವುಡ್ ಅಂದ್ರೆ ಮರದ ತೊಗಟೆ ಕೆಳಗಿನ ಎಳೆ ಭಾಗ. ಸ್ಯಾಡ್ಲರ್ ಅಂದ್ರೆ ಕುದುರೆ ಜೀನು ಮಾಡೋನು. ಸೀಗೋ ಒಂದು ಹೂವು. ಸಿಕಲ್ ಕುಡುಗೋಲು, ಸ್ಕಾಲ್ಪೆಲ್ ಆಪರೇಷನ್ ಚಾಕು, ಸ್ಪೈಡರ್ ಜೇಡ, ಸ್ಟಿಂಗ್‌ರೇ ನಮ್ಮ ಕರಾವಳಿಯವರು ತೊರಕೆ ಅನ್ನೋ ಮೀನು, ಗೆಕೋ ಹಲ್ಲಿ. ಇದ್ರಲ್ಲಿ ಸೀಗೋ ಅನ್ನೋ ಹೂವಿನ ಹೆಸರು ಹೊತ್ತಿದ್ದು ಯುಆರ್-100, ಸೋವಿಯತ್ ನೆಲದಲ್ಲಿ ನೂರುಗಟ್ಟಲೆ ಸಂಖ್ಯೆಲಿ ನೆಲಮಾಳಿಗೆಯಲ್ಲಿ ನಿಂತಿದ್ದ ಅಣುಬಾಂಬಿನ ಖಂಡಾಂತರ ಕ್ಷಿಪಣಿ. ಹೆಸರು ನೋಡಿ ಭಯ ಅಳೆಯೋಕೆ ಹೋದ್ರೆ ಹೀಗಾಗುತ್ತೆ.

ಸೇಟನ್ ವಿಷ್ಯದಲ್ಲಿ ಹೆಸರೂ ವಸ್ತುವೂ ಹೊಂದಿಕೊಂಡುಬಿಟ್ವು. 200 ಟನ್ನಿಗೂ ಜಾಸ್ತಿ ತೂಕ, 10 ಸಿಡಿತಲೆವರೆಗೂ ಹೊರೋ ತಾಕತ್ತು. ಪತ್ರಿಕೆಯವರಿಗೆ ಇಂಥ ಹೆಸರು ಸಿಕ್ಕಿದ್ರೆ ಬಿಡ್ತಾರಾ. ಈಗ ರಷ್ಯಾದ ಹೊಸ ಸರ್ಮಾತ್ ಮಿಸೈಲ್‌ಗೆ "ಸೇಟನ್-2" ಅಂತ ಟಿವಿಯವರು ಕೂಗ್ತಿರ್ತಾರೆ. ರಷ್ಯನ್ ಪತ್ರಿಕೆಗಳು ಕೂಡ ಆರ್-36ಎಂ ಅನ್ನ "ಸತಾನಾ" ಅಂತ ಬರೀತವೆ, ವೈರಿ ಇಟ್ಟ ಹೆಸರು ತವರಿಗೇ ವಾಪಸ್ ಹೋಗಿ ನೆಲೆಸಿದೆ. ಅದೇ ಸೇಟನ್‌ಗಳಲ್ಲಿ ಕೆಲವನ್ನ ಸಿಡಿತಲೆ ತೆಗೆದು, ನೀಪರ್ ಅನ್ನೋ ಹೆಸರಲ್ಲಿ 1999ರಿಂದ 2015ರವರೆಗೆ ಉಪಗ್ರಹ ಹಾರಿಸೋಕೆ ಬಳಸಿದ್ರು.

ರಷ್ಯನ್ನರು ಇಡೋ ಹೆಸರುಗಳು ಹೇಗಿರ್ತವೆ?

ನನ್ನ ಪ್ರಕಾರ ಅವು ಇನ್ನೂ ಚೆನ್ನಾಗಿವೆ, ಅವುಗಳಲ್ಲೊಂದು ಕುಟುಂಬದ ಹೋಲಿಕೆ ಇರುತ್ತೆ. ವಾಯು ರಕ್ಷಣೆಯ ಹಳೇ ಮಿಸೈಲ್‌ಗಳಿಗೆ ನದಿ ಹೆಸರು: ದ್ವಿನಾ, ವೋಲ್ಖೋವ್, ನೆವಾ, ಪೆಚೋರಾ, ಅಂಗಾರಾ. ಹಡಗು ಹೊಡೆಯೋ ಮಿಸೈಲ್‌ಗಳಲ್ಲಿ ಒಂದು ಸಾಲಿಗೆ ಪೂರ್ತಿ ಕಲ್ಲು-ರತ್ನದ ಹೆಸರು: ಅಮೆತಿಸ್ತ್, ಮಲಾಖಿತ್, ಬಜಾಲ್ತ್, ಗ್ರಾನಿತ್, ಓನಿಕ್ಸ್. ಇದೇ ಸಾಲು ನ್ಯಾಟೋ ಪುಸ್ತಕದಲ್ಲಿ ಸ್ಟಾರ್‌ಬ್ರೈಟ್, ಸೈರನ್, ಸ್ಯಾಂಡ್‌ಬಾಕ್ಸ್, ಶಿಪ್‌ರೆಕ್, ಸ್ಟ್ರೊಬೈಲ್ ಅಂತ ಆಗುತ್ತೆ. ಆ ಕೊನೆಯ ಓನಿಕ್ಸ್ ನಮಗೆ ಹತ್ತಿರದ್ದು, ಬ್ರಹ್ಮೋಸ್ ಹುಟ್ಟಿದ್ದು ಅದರಿಂದಾನೇ. ಬ್ರಹ್ಮಪುತ್ರಾ ಮತ್ತು ಮಾಸ್ಕ್ವಾ ನದಿಗಳನ್ನ ಸೇರಿಸಿ ಬ್ರಹ್ಮೋಸ್ ಅಂತ ಮಾಡಿದಾಗ ಆ ನದಿ ಹೆಸರಿನ ಚಾಳಿ ಮತ್ತೆ ಬಂದ ಹಾಗಾಯ್ತು.

ಸ್ಕಡ್ ಅಂದ್ರೆ ನಿಜವಾಗಿ ಯಾವುದು?

ಒಂದಲ್ಲ, ಒಂದು ವಂಶ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ತರು ಜರ್ಮನಿಯ ವಿ-2 ರಾಕೆಟ್ಟನ್ನ ನಕಲು ಮಾಡಿ ಆರ್-1 ಕಟ್ಟಿದ್ರು. ಅದು ಎಸ್‌ಎಸ್-1ಎ, ಹೆಸರು ಸ್ಕನರ್. ಆಮೇಲೆ ಬಂದ ಆರ್-11 ಪೂರ್ತಿ ಬೇರೇನೇ ವಿನ್ಯಾಸ, ಆದ್ರೂ ಅದಕ್ಕೆ ಎಸ್‌ಎಸ್-1ಬಿ ಅಂತ ಅದೇ ನಂಬರಡಿ ಜಾಗ ಕೊಟ್ಟು ಸ್ಕಡ್-ಎ ಅಂದ್ರು. 1955ರ ಸೆಪ್ಟೆಂಬರಲ್ಲಿ ಇದೇ ಆರ್-11ರ ನೌಕಾ ಮಾದರಿಯನ್ನ ಬಿಳಿ ಸಮುದ್ರದಲ್ಲಿ ಸಬ್‌ಮರೀನ್ ಒಂದರಿಂದ ಹಾರಿಸಿದ್ರು, ಜಗತ್ತಲ್ಲಿ ಸಬ್‌ಮರೀನಿಂದ ಹಾರಿದ ಮೊದಲ ಬ್ಯಾಲಿಸ್ಟಿಕ್ ಮಿಸೈಲ್ (ಎಸೆದ ಕಲ್ಲಿನ ಹಾಗೆ ಮೇಲೇರಿ ಬೀಳೋದು) ಅದು. ನಾವೆಲ್ಲ ಕೇಳಿದ ಸ್ಕಡ್ ಅಂದ್ರೆ ಸ್ಕಡ್-ಬಿ, ಅಸಲಿ ಹೆಸರು ಆರ್-17, ಎಂಟು ಚಕ್ರದ ದೊಡ್ಡ ಲಾರಿ ಮೇಲೆ ಹೊತ್ತುಕೊಂಡು ಹೋಗಿ ಎಬ್ಬಿಸಿ ನಿಲ್ಲಿಸೋದು, ಸುಮಾರು 300 ಕಿಲೋಮೀಟರ್ ಹೋಗುತ್ತೆ.

ಇರಾಕಿಗೆ 300 ಸಾಲಲಿಲ್ಲ, ಟೆಹ್ರಾನ್ ಅದಕ್ಕಿಂತ ದೂರ. ಹಾಗಾಗಿ ಅವರು ಆರ್-17ರ ಸಿಡಿತಲೆ ಹಗುರ ಮಾಡಿ, ಇಂಧನದ ಟ್ಯಾಂಕ್ ಉದ್ದ ಮಾಡಿ ಅಲ್-ಹುಸೇನ್ ಅಂತ ತಮ್ಮದೇ ಮಾದರಿ ಮಾಡ್ಕೊಂಡ್ರು, ಸುಮಾರು 650 ಕಿಲೋಮೀಟರ್ ಹೋಗೋದು. 1991ರಲ್ಲಿ ಇಸ್ರೇಲ್ ಮೇಲೆ, ಸೌದಿ ಮೇಲೆ ಬಿದ್ದಿದ್ದು ಇದೇ. ವಾರ್ತೆಲಿ ಮಾತ್ರ ಸ್ಕಡ್. ಎಳೆದು ಉದ್ದ ಮಾಡಿದ್ದಕ್ಕೋ ಏನೋ ಇದು ಕೆಳಗಿಳಿಯುವಾಗ ಎಷ್ಟೋ ಸಲ ಗಾಳಿಯಲ್ಲೇ ಚೂರಾಗ್ತಿತ್ತು, ಯಾವ ಚೂರಿಗೆ ಹೊಡೀಬೇಕು ಅನ್ನೋದೇ ಪೇಟ್ರಿಯಟ್‌ಗೆ ಕಷ್ಟ ಆಗ್ತಿತ್ತು. ಫೆಬ್ರವರಿ 25ರ ರಾತ್ರಿ ಧಹ್ರಾನ್‌ನಲ್ಲಿ ಒಂದು ಸ್ಕಡ್ ಸೈನಿಕರ ವಸತಿಗೆ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅವತ್ತು ಅಲ್ಲಿನ ಪೇಟ್ರಿಯಟ್ ಕಂಪ್ಯೂಟರ್ ನೂರು ಗಂಟೆಗಿಂತ ಹೆಚ್ಚು ಹೊತ್ತು ರೀಸ್ಟಾರ್ಟ್ ಇಲ್ಲದೆ ಓಡ್ತಿತ್ತು, ಒಳಗಿನ ಗಡಿಯಾರದ ಲೆಕ್ಕ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟೇ ಸಾಕಾಯ್ತು, ಮಿಸೈಲ್ ಇರೋ ಜಾಗ ಬಿಟ್ಟು ಬೇರೆ ಕಡೆ ಹುಡುಕ್ತಿತ್ತು. ಸಾಫ್ಟ್‌ವೇರ್ ಕೆಲಸ ಮಾಡೋರು ಇದನ್ನ ಒಂದ್ಸಲ ಕೂತು ಓದಲೇಬೇಕು.

ಸ್ಕಡ್ ವಂಶ ನಮ್ಮ ಬಾಗಿಲಿಗೂ ಬಂದಿದೆ. ಉತ್ತರ ಕೊರಿಯಾ ಸ್ಕಡ್ಡನ್ನ ನಕಲು ಮಾಡಿ, ಅದನ್ನೇ ದೊಡ್ಡದು ಮಾಡಿ ನೊಡಾಂಗ್ ಕಟ್ಟಿತು, ಅದರಿಂದ ಪಾಕಿಸ್ತಾನದ ಘೋರಿ ಬಂತು, 1998ರ ಏಪ್ರಿಲ್ 6ಕ್ಕೆ ಮೊದಲ ಟೆಸ್ಟ್. ನೊಡಾಂಗ್ ಅನ್ನೋದೂ ಕೊರಿಯನ್ನರು ಇಟ್ಟಿದ್ದಲ್ಲ, ಆ ಮಿಸೈಲ್ ಕಣ್ಣಿಗೆ ಬಿದ್ದ ಊರಿನ ಹೆಸರನ್ನೇ ಅಮೆರಿಕದವರು ಅಂಟಿಸಿದ್ದು. ಅವರ ಬಾಯಲ್ಲಿ ಅದು ಹ್ವಾಸಾಂಗ್.

ಸ್ಟಿಕ್ಸ್‌ಗೂ 1971ರ ಕರಾಚಿ ದಾಳಿಗೂ ಏನು ಸಂಬಂಧ?

ಕರಾಚಿ ದಾಳಿ ಆಗಿದ್ದೇ ಸ್ಟಿಕ್ಸ್ ಇಂದ. ರಷ್ಯನ್ ಹೆಸರು ಪಿ-15 ತೆರ್ಮಿತ್, ಅಂದ್ರೆ ಗೆದ್ದಲು. ಸ್ಟಿಕ್ಸ್ ಅನ್ನೋದು ಗ್ರೀಕ್ ಪುರಾಣದಲ್ಲಿ ಸತ್ತವರು ದಾಟೋ ನದಿ, ನಮ್ಮ ವೈತರಣಿ ಥರ. ಎರಡು ಟನ್ನಿಗೂ ಜಾಸ್ತಿ ತೂಕ, ಅರ್ಧ ಟನ್ನಿನ ಹತ್ತಿರ ಸಿಡಿಮದ್ದು, ಸುಮಾರು 40 ಕಿಲೋಮೀಟರ್ ಓಟ. ಇದರ ಹೆಸರು ಜಗತ್ತಿಗೆ ಗೊತ್ತಾಗಿದ್ದು 1967ರ ಅಕ್ಟೋಬರ್ 21ಕ್ಕೆ, ಪೋರ್ಟ್ ಸೈದ್ ಹತ್ರ ಈಜಿಪ್ಟಿನ ಸಣ್ಣ ದೋಣಿಗಳು ಇದನ್ನ ಬಿಟ್ಟು ಇಸ್ರೇಲಿನ ಐಲತ್ ಅನ್ನೋ ಡೆಸ್ಟ್ರಾಯರನ್ನ ಮುಳುಗಿಸಿದಾಗ. ಹಡಗಿಂದ ಬಿಟ್ಟ ಮಿಸೈಲ್‌ನಿಂದ ಮುಳುಗಿದ ಮೊದಲ ದೊಡ್ಡ ಯುದ್ಧನೌಕೆ ಅದು. ಚಿಕ್ಕ ದೋಣಿ ದೊಡ್ಡ ಹಡಗನ್ನ ಕೆಡವಬಹುದು ಅಂತ ಎಲ್ಲಾ ನೌಕಾಪಡೆಗಳೂ ಬೆಚ್ಚಿಬಿದ್ದಿದ್ದು ಅವತ್ತು.

ನಾಲ್ಕು ವರ್ಷ ಆದ್ಮೇಲೆ, 1971ರ ಡಿಸೆಂಬರ್ 4ರ ರಾತ್ರಿ, ನಮ್ಮ ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ಮಿಸೈಲ್ ಬೋಟ್‌ಗಳು ಕರಾಚಿ ಕಡೆ ಹೋದ್ವು. ಆಪರೇಷನ್ ಟ್ರೈಡೆಂಟ್. ಇವು ಬಂದರು ಕಾಯೋಕೆ ಅಂತ ಮಾಡಿದ ದೋಣಿಗಳು, ದೂರ ಹೋಗಿಬರೋ ಶಕ್ತಿ ಕಮ್ಮಿ, ಅದಕ್ಕೆ ಒಂದಷ್ಟು ದೂರ ದೊಡ್ಡ ಹಡಗುಗಳಿಂದ ಎಳೆಸ್ಕೊಂಡು ಹೋಗೋ ಉಪಾಯ ಮಾಡಿದ್ರು. ನಿರ್ಘಾತ್ ಬಿಟ್ಟ ಎರಡು ಸ್ಟಿಕ್ಸ್‌ಗೆ ಪಾಕಿಸ್ತಾನದ ಖೈಬರ್ ಮುಳುಗ್ತು, ವೀರ್ ಇಂದ ಮುಹಾಫಿಜ್ ಹೋಯ್ತು. ಡಿಸೆಂಬರ್ 8ರ ರಾತ್ರಿ ವಿನಾಶ್ ಅನ್ನೋ ಇನ್ನೊಂದು ಬೋಟ್ ಹೋಗಿ ನಾಲ್ಕು ಮಿಸೈಲ್ ಬಿಟ್ಟು ಬಂತು, ಅದು ಆಪರೇಷನ್ ಪೈಥಾನ್, ಕರಾಚಿಯ ಎಣ್ಣೆ ಟ್ಯಾಂಕ್‌ಗಳು ಹೊತ್ತಿ ಉರಿದ್ವು. ಪ್ರತಿ ವರ್ಷ ಡಿಸೆಂಬರ್ 4ಕ್ಕೆ ನೌಕಾಪಡೆ ದಿನ ಆಚರಿಸೋದು ಇದಕ್ಕೇ. ಈ ಕಥೆ ಓದುವಾಗ ನಂಗೆ ಪ್ರತಿ ಸಲಾನೂ ರೋಮಾಂಚನ ಆಗುತ್ತೆ, ಅದ್ರಲ್ಲಿ ಏನೂ ಮುಚ್ಚುಮರೆ ಇಲ್ಲ.

ಈ ಬೋಟ್‌ಗಳನ್ನ ಓಸಾ ದರ್ಜೆ ಅಂತಾರಲ್ಲ, ಅದೂ ನ್ಯಾಟೋ ಹೆಸರೇ, ರಷ್ಯನ್ನಲ್ಲಿ ಓಸಾ ಅಂದ್ರೆ ಕಣಜ. ರಷ್ಯನ್ನರ ಕಾಗದದಲ್ಲಿ ಅದು ಪ್ರಾಜೆಕ್ಟ್ 205. ಇದರ ಮೇಲೆ ಇನ್ನೊಂದು ಗೋಜಲು, ವಿಮಾನ ಹೊಡೆಯೋ ಒಂದು ಮಿಸೈಲ್‌ಗೆ ರಷ್ಯನ್ನರೇ ಓಸಾ ಅಂತ ಹೆಸರಿಟ್ಟಿದಾರೆ, ನ್ಯಾಟೋ ಅದನ್ನ ಗೆಕೋ ಅನ್ನುತ್ತೆ. ನಮ್ಮ ಸೇನೆ ಹತ್ರ ಅದೂ ಇದೆ.

ಎಸ್‌ಎ-2 ಗೈಡ್‌ಲೈನ್ ಯಾಕೆ ಅಷ್ಟು ಫೇಮಸ್ಸು?

1960ರ ಮೇ 1ಕ್ಕೆ ಗ್ಯಾರಿ ಪವರ್ಸ್ ಹಾರಿಸ್ತಿದ್ದ ಅಮೆರಿಕದ ಯು-2 ಗೂಢಚಾರಿ ವಿಮಾನವನ್ನ ಸ್ವೆರ್ದ್ಲೋವ್ಸ್ಕ್ ಹತ್ರ ಕೆಡವಿದ್ದು ಇದು, ಅಸಲಿ ಹೆಸರು ಎಸ್-75 ದ್ವಿನಾ. ಆ ಗಡಿಬಿಡಿಲಿ ಬಿಟ್ಟ ಇನ್ನೊಂದು ಮಿಸೈಲ್ ಅವರದ್ದೇ ಮಿಗ್-19ಕ್ಕೆ ಬಡಿದು ಅವರ ಪೈಲಟ್ಟೂ ಸತ್ತ. 1962ರ ಅಕ್ಟೋಬರ್ 27ಕ್ಕೆ ಕ್ಯೂಬಾ ಮೇಲೆ ಇನ್ನೊಂದು ಯು-2 ಕೆಡವಿದ್ದೂ ಇದೇ. ವಿಯೆಟ್ನಾಂನಲ್ಲಿ ಅಮೆರಿಕನ್ ಪೈಲಟ್‌ಗಳು ಇದನ್ನ ಹಾರೋ ಟೆಲಿಫೋನ್ ಕಂಬ ಅಂತಿದ್ರು.

ನಮಗೆ ಇದು ಇನ್ನೊಂದು ಕಾರಣಕ್ಕೆ ಮುಖ್ಯ. 1970ರ ದಶಕದಲ್ಲಿ ಹೈದರಾಬಾದಿನ ಕ್ಷಿಪಣಿ ಸಂಶೋಧನಾಲಯ ಡಿಆರ್‌ಡಿಎಲ್‌ನಲ್ಲಿ ಇದೇ ಎಸ್‌ಎ-2ನ್ನ ಬಿಚ್ಚಿ, ಒಂದೊಂದು ಭಾಗ ಅಳೆದು ನೋಡಿ, ಅದೇ ಥರದ್ದು ಮಾಡೋ ಪ್ರಯತ್ನ ನಡೀತು, ಪ್ರಾಜೆಕ್ಟ್ ಡೆವಿಲ್ ಅಂತ. ಮಿಸೈಲ್ ಆಗಿ ಅದು ಸೇನೆಗೆ ಸೇರಲಿಲ್ಲ, ಪ್ರಾಜೆಕ್ಟ್ ನಿಂತೋಯ್ತು. ಆದ್ರೆ ಅಲ್ಲಿ ಕಲಿತ ದ್ರವ ಇಂಧನದ ಎಂಜಿನ್ ವಿದ್ಯೆ ಪೃಥ್ವಿಗೆ ಬಂತು, 1988ರ ಫೆಬ್ರವರಿ 25ಕ್ಕೆ ಪೃಥ್ವಿ ಹಾರಿತು. ಸೋತಿತು ಅಂತ ಬರೆದಿಟ್ಟ ಪ್ರಾಜೆಕ್ಟ್ ಅದು, ಅದರ ಎಂಜಿನಿಯರುಗಳ ಹೆಸರು ಯಾರಿಗೂ ಅಷ್ಟಾಗಿ ಗೊತ್ತಿಲ್ಲ, ಅದೊಂದು ಬೇಜಾರು ನಂಗೆ.

ಪೆಚೋರಾ ಮಿಸೈಲ್‌ಗೆ ನ್ಯಾಟೋ "ಗೋವಾ" ಅಂತ ಹೆಸರಿಟ್ಟಿದ್ಯಂತೆ, ನಿಜಾನಾ?

ನಿಜ. ಎಸ್‌ಎ-3 ಗೋವಾ. ನಮ್ಮ ಗೋವಾ ರಾಜ್ಯಕ್ಕೂ ಅದಕ್ಕೂ ಸಂಬಂಧ ಕಟ್ಟೋಕೆ ಹೋಗ್ಬೇಡಿ, ಜಿ ಅಕ್ಷರದ ಚಿಕ್ಕ ಪದ ಬೇಕಿತ್ತು ಅಷ್ಟೇ, ಟಿಬೆಟ್ ಕಡೆಯ ಒಂದು ಜಿಂಕೆ ಜಾತಿಯ ಪ್ರಾಣಿಗೂ ಇಂಗ್ಲಿಷಲ್ಲಿ ಇದೇ ಹೆಸರಿದೆ. ನಮ್ಮ ವಾಯುಪಡೆ ದಶಕಗಳಿಂದ ಇದನ್ನ ಇಟ್ಕೊಂಡಿದೆ, ನಮ್ಮ ರಜಪೂತ್ ದರ್ಜೆಯ ಹಡಗುಗಳ ಮೇಲೆ ಇದರದ್ದೇ ನೌಕಾ ಮಾದರಿ ಇತ್ತು. ಹಳೇದು ಅಂತ ಹಗುರವಾಗಿ ತಗೋಬೇಡಿ, 1999ರ ಮಾರ್ಚ್ 27ಕ್ಕೆ ಸೆರ್ಬಿಯಾದಲ್ಲಿ ರೇಡಾರಿಗೆ ಕಾಣಲ್ಲ ಅಂತ ಹೆಸರಾಗಿದ್ದ ಎಫ್-117 ಸ್ಟೆಲ್ತ್ ವಿಮಾನ ಕೆಡವಿದ್ದು ಇದೇ ಗೋವಾ.

ಹಾಗಾದ್ರೆ ಎಸ್-400?

ಎಸ್‌ಎ-21 ಗ್ರೌಲರ್. ವಿಮಾನ ಹೊಡೆಯೋ ರಷ್ಯನ್ ಮಿಸೈಲ್ ವ್ಯವಸ್ಥೆ ಇದು, ನಾವು 2018ರಲ್ಲಿ ಐದು ಸ್ಕ್ವಾಡ್ರನ್‌ಗೆ ಒಪ್ಪಂದ ಮಾಡ್ಕೊಂಡ್ವಿ, ಇಲ್ಲಿ ಅದು ಸುದರ್ಶನ ಚಕ್ರ. ಗ್ರೌಲರ್ ಅಂತ ನಮ್ಮ ಕಡೆ ಯಾರೂ ಕರೆಯಲ್ಲ. ಗುಟ್ಟು ಹೋದ ಮೇಲೆ ಗುಟ್ಟಿನ ಹೆಸರಿಗೂ ಕೆಲಸ ಇಲ್ಲ, ರಷ್ಯಾ ಈಗ ತಾನೇ ಅಸಲಿ ಹೆಸರು ಹಾಕಿ ಮಾರುತ್ತೆ.

ನ್ಯಾಟೋದವರು ಹೆಸರಿಡುವಾಗ ತಪ್ಪು ಮಾಡಿದ್ದುಂಟಾ?

ಬೇಕಾದಷ್ಟು. ನಂಗೆ ಈ ವಿಷಯದಲ್ಲೇ ಎಲ್ಲಕ್ಕಿಂತ ಇಷ್ಟದ ಭಾಗ ಇದು, ಯಾಕಂದ್ರೆ ಈ ಹೆಸರುಗಳು ನೋಡೋರ ಕಣ್ಣಿನ ದಾಖಲೆ, ಕಣ್ಣಿಗೆ ಮಂಜು ಕವಿದಿದ್ರೆ ಹೆಸರಲ್ಲೂ ಮಂಜೇ.

1965ರ ಮೇ ಪರೇಡಲ್ಲಿ ಸೋವಿಯತ್ತರು ಒಂದು ಭಾರೀ ಮಿಸೈಲ್ ತಂದು ಮೆರೆಸಿದ್ರು, ಭೂಮಿ ಸುತ್ತ ಕಕ್ಷೆಗೆ ಹೋಗಿ ಎಲ್ಲಿಂದ ಬೇಕಾದ್ರೂ ಇಳಿಯುತ್ತೆ ಅಂತ ಜಂಬ ಬೇರೆ. ಪಶ್ಚಿಮದವರು ಎಸ್‌ಎಸ್-10 ಸ್ಕ್ರ್ಯಾಗ್ ಅಂತ ನಂಬರೂ ಹೆಸರೂ ಕೊಟ್ಟು ಪಟ್ಟಿಗೆ ಸೇರಿಸಿದ್ರು. ಅದು ಸೋವಿಯತ್ ರಾಕೆಟ್ ವಿನ್ಯಾಸಕ ಕರಲ್ಯೋವ್ ಅವರ ಜಿಆರ್-1, ಒಂದು ಸಲಾನೂ ಹಾರಲೇ ಇಲ್ಲ. ಹಾರದ ಮಿಸೈಲ್‌ಗೆ ಇವತ್ತಿಗೂ ಪಟ್ಟಿಯಲ್ಲಿ ಜಾಗ ಇದೆ.

ನೌಕಾಪಡೆ ಕಡೆ ಇನ್ನೂ ದೊಡ್ಡದು. ಸೋವಿಯತ್ತರ ದೊಡ್ಡ ಯುದ್ಧನೌಕೆಗಳಾದ ಕ್ರೆಸ್ತಾ-2 ದರ್ಜೆಯ ಕ್ರೂಸರ್‌ಗಳ ಪಕ್ಕದಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆ ಲಾಂಚರ್ ಕಂಡ್ವು, ಹಡಗು ಹೊಡೆಯೋ ಮಿಸೈಲೇ ಇರಬೇಕು ಅಂತ ಎಸ್‌ಎಸ್-ಎನ್-10 ಅಂದ್ರು, ಅದರ ಮೇಲೆ ಲೆಕ್ಕಾಚಾರ ಹಾಕಿದ್ರು. ಆಮೇಲೆ ನೋಡಿದ್ರೆ ಒಳಗಿದ್ದಿದ್ದು ಸಬ್‌ಮರೀನ್ ಹೊಡೆಯೋ ಮಿಸೈಲ್, ನೀರೊಳಗೆ ಓಡಿ ಸಿಡಿಯೋ ಟಾರ್ಪಿಡೋ ಹೊತ್ತು ಹಾರೋದು. ಎಸ್‌ಎಸ್-ಎನ್-10 ಹೊಡೆದುಹಾಕಿ ಎಸ್‌ಎಸ್-ಎನ್-14 ಸೈಲೆಕ್ಸ್ ಅಂತ ಬರ್ಕೊಂಡ್ರು. ಪಟ್ಟಿಯಲ್ಲಿ ನಂಬರ್ ಹಾರಿಹೋಗಿರೋದು ಕಂಡ್ರೆ ಅಲ್ಲೊಂದು ಇಂಥ ಕಥೆ ಇರುತ್ತೆ ಅಂತ ತಿಳ್ಕೊಳ್ಳಿ.

ಕ್ಯೂಬಾ ಬಿಕ್ಕಟ್ಟಲ್ಲಿ ಇದ್ದ ಮಿಸೈಲ್‌ಗಳ ಹೆಸರೇನು?

1962ರಲ್ಲಿ ಸೋವಿಯತ್ತರು ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಗುಟ್ಟಾಗಿ ಮಿಸೈಲ್ ತಂದಿಟ್ಟಿದ್ದಕ್ಕೆ ಎದ್ದ ಬಿಕ್ಕಟ್ಟು ಅದು. ಮಿಸೈಲ್ ಎಸ್‌ಎಸ್-4 ಸ್ಯಾಂಡಲ್, ಅಸಲಿ ಹೆಸರು ಆರ್-12, ಸುಮಾರು 2,000 ಕಿಲೋಮೀಟರ್ ಹೋಗೋದು. 1962ರ ಅಕ್ಟೋಬರ್ 14ಕ್ಕೆ ಯು-2 ತೆಗೆದ ಫೋಟೋದಲ್ಲಿ ಸಿಕ್ಕಿದ್ದು. ಸೋವಿಯತ್ ಸೇನೆಯ ಒಳಗಿದ್ದ ಓಲೆಗ್ ಪೆಂಕೋವ್ಸ್ಕಿ ಆರ್-12ರ ಕೈಪಿಡಿಯನ್ನ ಪಶ್ಚಿಮಕ್ಕೆ ದಾಟಿಸಿದ್ದ, ಅದಿಲ್ಲದಿದ್ರೆ ಫೋಟೋದಲ್ಲಿನ ಉದ್ದನೆ ಗೀರು ಯಾವುದು ಅಂತ ಅಷ್ಟು ಖಚಿತವಾಗಿ ಹೇಳೋಕಾಗ್ತಿರಲಿಲ್ಲ. ಇನ್ನೂ ದೂರ ಹೋಗೋ ಎಸ್‌ಎಸ್-5 ಸ್ಕೀನ್‌ಗೂ ಜಾಗ ಕಟ್ತಿದ್ರು, ಆದ್ರೆ ಮಿಸೈಲ್‌ಗಳು ಕ್ಯೂಬಾ ತಲುಪೋ ಮೊದಲೇ ಹಡಗುಗಳು ವಾಪಸ್ ತಿರುಗಿದ್ವು. ಈ ಸ್ಕೀನ್ ಹೆಸರು ನೆನಪಿಟ್ಕೊಳ್ಳಿ, ಮುಂದಿನ ಪ್ರಶ್ನೆಗೆ ಬೇಕು.

ಆರ್ಯಭಟಕ್ಕೂ ಸ್ಕೀನ್ ಮಿಸೈಲ್‌ಗೂ ನಂಟಿದೆ ಅಂತಾರಲ್ಲ?

ಇದೆ, ಕನ್ನಡಿಗರು ಇದನ್ನ ತಿಳ್ಕೊಂಡಿರಬೇಕು ಅನ್ನೋದು ನನ್ನ ಆಸೆ. ಉಡುಪಿ ಹತ್ರದ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ, 360 ಕೆಜಿ, 1975ರ ಏಪ್ರಿಲ್ 19ಕ್ಕೆ ಸೋವಿಯತ್ ಉಡಾವಣಾ ಕೇಂದ್ರ ಕಪೂಸ್ತಿನ್ ಯಾರ್ ಇಂದ ಹಾರಿತು. ಹಾರಿಸಿದ್ದು ಕೊಸ್ಮೋಸ್-3ಎಂ ರಾಕೆಟ್. ಅದು ಹುಟ್ಟಿದ್ದು ಆರ್-14 ಮಿಸೈಲ್‌ನಿಂದ, ಅಂದ್ರೆ ನ್ಯಾಟೋದ ಎಸ್‌ಎಸ್-5 ಸ್ಕೀನ್, ಹದಿಮೂರು ವರ್ಷ ಹಿಂದೆ ಕ್ಯೂಬಾಕ್ಕೆ ಹೋಗಬೇಕಿದ್ದ ಅದೇ ಜಾತಿ. ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟ ನೋಡಿ ಬೆಳೆದವರು ನಾವು, ಅದರ ಕೆಳಗೆ ಹೊತ್ತಿದ್ದ ಬೆಂಕಿ ಯಾವುದು ಅಂತ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

1984ರ ಏಪ್ರಿಲ್ 3ಕ್ಕೆ ರಾಕೇಶ್ ಶರ್ಮಾ ಹೋದ ಸೋಯುಜ್, 1988ರಲ್ಲಿ ನಮ್ಮ ಉಪಗ್ರಹ ಐಆರ್‌ಎಸ್-1ಎ ಹೊತ್ತ ವೊಸ್ತೋಕ್, ಎರಡೂ ಆರ್-7 ವಂಶ. ಆರ್-7 ಅಂದ್ರೆ ಎಸ್‌ಎಸ್-6 ಸ್ಯಾಪ್‌ವುಡ್, ಜಗತ್ತಿನ ಮೊದಲ ಖಂಡಾಂತರ ಕ್ಷಿಪಣಿ, 1957ರಲ್ಲಿ ಸ್ಪುಟ್ನಿಕ್ ಹೊತ್ತಿದ್ದೂ ಅದೇ. ಯುದ್ಧಕ್ಕೆ ಅಂತ ಮಾಡಿದ್ದು ಆ ಕೆಲಸಕ್ಕೆ ಅಷ್ಟಾಗಿ ಆಗಿಬರಲಿಲ್ಲ, ಹಾರಿಸೋ ಮೊದಲು ಗಂಟೆಗಟ್ಟಲೆ ಇಂಧನ ತುಂಬಬೇಕಿತ್ತು. ಮನುಷ್ಯರನ್ನ ಮೇಲೆ ಕಳಿಸೋಕೆ ಮಾತ್ರ ರಷ್ಯನ್ನರಿಗೆ ಇವತ್ತಿಗೂ ಅದರ ಮೊಮ್ಮಕ್ಕಳೇ ಬೇಕು.

ಅಕುಲಾ, ಟೈಫೂನ್, ಚಾರ್ಲಿ ಇವೆಲ್ಲ ಮಿಸೈಲ್‌ಗಳಾ?

ಅಲ್ಲ, ಸಬ್‌ಮರೀನ್ ದರ್ಜೆಗಳು. ಅವಕ್ಕೆ ರೇಡಿಯೋ ಅಕ್ಷರಮಾಲೆ ಹಿಡಿದು ಆಲ್ಫಾ, ಚಾರ್ಲಿ, ಫಾಕ್ಸ್‌ಟ್ರಾಟ್, ಕಿಲೋ, ವಿಕ್ಟರ್ ಅಂತ ಹೆಸರಿಡ್ತಿದ್ರು. ನಮ್ಮ ಮೊದಲ ಕಲ್ವರಿ ಫಾಕ್ಸ್‌ಟ್ರಾಟ್, ಸಿಂಧುಘೋಷ್ ಕಿಲೋ, 1988ರಲ್ಲಿ ಬಾಡಿಗೆಗೆ ತಂದ ಮೊದಲ ಐಎನ್‌ಎಸ್ ಚಕ್ರ ಚಾರ್ಲಿ. ಅಕ್ಷರ ಮುಗಿದ ಮೇಲೆ ಅಕುಲಾ ಅಂತ ರಷ್ಯನ್ ಪದ ತಗೊಂಡ್ರು, ಶಾರ್ಕ್ ಅಂತ ಅರ್ಥ. ಇಲ್ಲೇ ದೊಡ್ಡ ಗೊಂದಲ ಶುರುವಾಗೋದು. ನ್ಯಾಟೋ ಟೈಫೂನ್ ಅನ್ನೋ ದೈತ್ಯ ಸಬ್‌ಮರೀನಿಗೆ ರಷ್ಯನ್ನರ ಹೆಸರೇ ಅಕುಲಾ, ನ್ಯಾಟೋ ಅಕುಲಾ ಅನ್ನೋದಕ್ಕೆ ರಷ್ಯನ್ನರು ಶೂಕಾ-ಬಿ ಅಂತಾರೆ. 2012ರಲ್ಲಿ ಬಂದ ನಮ್ಮ ಎರಡನೇ ಚಕ್ರ ಈ ಎರಡನೇದು. ಅಕುಲಾ ಅಂತ ಎಲ್ಲಾದ್ರೂ ಓದಿದ್ರೆ ಬರೆದವರು ಯಾವ ಕಡೆ ನಿಂತು ಬರೀತಿದಾರೆ ಅಂತ ಮೊದಲು ನೋಡ್ಕೊಳ್ಳಿ.

ಎಸ್‌ಎಸ್-20 ಸೇಬರ್ ಈಗ ಎಲ್ಲಿದೆ?

ಮ್ಯೂಸಿಯಂಗಳಲ್ಲಿ ಮಾತ್ರ. 1970ರ ದಶಕದ ಕೊನೆಗೆ ಯೂರೋಪನ್ನ ನಡುಗಿಸಿದ ಮಿಸೈಲ್ ಇದು, ರಷ್ಯನ್ ಹೆಸರು ಪಿಯೊನೇರ್. 1987ರ ಡಿಸೆಂಬರ್ 8ಕ್ಕೆ ರೇಗನ್, ಗೋರ್ಬಚೇವ್ ಸಹಿ ಹಾಕಿದ, ನೆಲದಿಂದ ಹಾರೋ ಮಧ್ಯಮ ದೂರದ ಮಿಸೈಲ್‌ಗಳನ್ನ ನಿಷೇಧಿಸೋ ಐಎನ್‌ಎಫ್ ಒಪ್ಪಂದದಡಿ ಎರಡೂ ಕಡೆ ಸೇರಿ 2,692 ಮಿಸೈಲ್ ನಾಶ ಮಾಡಿದ್ರು. ಎಸ್‌ಎಸ್-23 ಸ್ಪೈಡರ್ ಕೂಡ ಅದರಲ್ಲೇ ಹೋಯ್ತು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಒಂದು ಎಸ್‌ಎಸ್-20, ಅದರ ಪಕ್ಕ ಅಮೆರಿಕದ ಪರ್ಶಿಂಗ್-2 ನಿಲ್ಲಿಸಿದಾರೆ. ಆ ಒಪ್ಪಂದ 2019ಕ್ಕೆ ಮುರಿದುಬಿತ್ತು, ಜಗಳ ಶುರುವಾಗಿದ್ದು ಎಸ್‌ಎಸ್‌ಸಿ-8 ಅನ್ನೋ ಇನ್ನೊಂದು ರಷ್ಯನ್ ಮಿಸೈಲ್ ಸುತ್ತ.

ಚೀನಾ ಮಿಸೈಲ್‌ಗಳಿಗೂ ಹೀಗೇ ಹೆಸರಿದೆಯಾ?

ಹೆಚ್ಚಿನವಕ್ಕೆ ನಂಬರ್ ಮಾತ್ರ, ಮುಂದೆ ಸಿ ಸೇರಿಸಿ ಸಿಎಸ್‌ಎಸ್ ಅಂತ. ಡಾಂಗ್‌ಫೆಂಗ್-21 ಅಂದ್ರೆ ಸಿಎಸ್‌ಎಸ್-5. ಹಡಗು ಹೊಡೆಯೋವಕ್ಕೆ ಕೆಲವಕ್ಕೆ ಹೆಸರಿದೆ, ಸಿಲ್ಕ್‌ವರ್ಮ್ ಅಂದ್ರೆ ರೇಷ್ಮೆಹುಳ, ಅದು ನಮ್ಮ ಸ್ಟಿಕ್ಸ್‌ನ ಚೀನೀ ಸಂತಾನ.

ನಮ್ಮ ಅಗ್ನಿ, ಪೃಥ್ವಿಗೆ ನ್ಯಾಟೋ ಹೆಸರು ಯಾಕಿಲ್ಲ?

ನಾವೇ ಹೆಸರು ಹೇಳಿ ಟೆಸ್ಟ್ ಮಾಡ್ತೀವಲ್ಲ, ಇನ್ನೊಂದು ಹೆಸರು ಯಾಕೆ ಬೇಕು. ಪಾಕಿಸ್ತಾನದ್ದೂ ಹಾಗೇ. ಪೃಥ್ವಿ ಅಂದ್ರೆ ಭೂಮಿ, ಅಗ್ನಿ, ಆಕಾಶ್ ಜೊತೆ ಹೊಂದೋ ಹೆಸರು, ಪೃಥ್ವಿರಾಜ ಚೌಹಾಣನಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಸಲ ಹೇಳಿದ್ರೂ ಘೋರಿ ಹೆಸರು ನೋಡಿದವರು ಒಪ್ಪಲ್ಲ.

ಬರೆಯುವಾಗ ಯಾವ ಹೆಸರು ಬಳಸಬೇಕು?

ಮೊದಲ ಸಲ ಅಸಲಿ ಹೆಸರು, ಜೊತೆಗೆ ನ್ಯಾಟೋ ಹೆಸರು, ಆಮೇಲೆ ಯಾವುದಾದ್ರೂ ಒಂದನ್ನೇ ಹಿಡ್ಕೊಂಡು ಹೋಗಿ. ಪತ್ರಿಕೆಗಳಲ್ಲಿ ಮೊದಲನೇ ಪ್ಯಾರಾದಲ್ಲಿ ಪೆಚೋರಾ, ಮೂರನೇ ಪ್ಯಾರಾದಲ್ಲಿ ಎಸ್‌ಎ-3, ಕೊನೆಗೆ ಎಸ್-125 ಅಂತ ಬಂದು, ಓದುಗ ನಮ್ಮ ಹತ್ರ ಮೂರು ಮಿಸೈಲ್ ಇದೆ ಅಂದ್ಕೊಳ್ತಾನೆ. ಇದು ನಂಗೆ ನಿಜವಾಗ್ಲೂ ಬೇಸರ ತರಿಸೋ ವಿಷಯ.

ಇವುಗಳಲ್ಲಿ ಯಾವುದನ್ನಾದ್ರೂ ಕರ್ನಾಟಕದಲ್ಲಿ ನೋಡಬಹುದಾ?

ಕಾರವಾರಕ್ಕೆ ಹೋಗಿ. ರವೀಂದ್ರನಾಥ ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಅನ್ನೋ ಮಿಸೈಲ್ ಬೋಟನ್ನ ದಡಕ್ಕೆ ತಂದು ಮ್ಯೂಸಿಯಂ ಮಾಡಿದಾರೆ, ಒಳಗೆ ಹತ್ತಿ ಓಡಾಡಬಹುದು. ಇದು ಕರಾಚಿಗೆ ಹೋದ ಬೋಟು ಅಂತ ಕೆಲವರು ಹೇಳ್ತಾರೆ, ಅಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ಓಸಾ-1, ಇದು ಅದರ ತಮ್ಮ ಓಸಾ-2. ದೂರದಿಂದಲೇ ಎರಡನ್ನೂ ಗುರುತು ಹಿಡಿಯೋದು ಹೇಗೆ ಅಂದ್ರೆ, ಓಸಾ-1ರ ಸ್ಟಿಕ್ಸ್ ಲಾಂಚರ್ ಚೌಕ ಪೆಟ್ಟಿಗೆ ಥರ ಇರ್ತಿತ್ತು, ಯಾಕಂದ್ರೆ ಆ ಸ್ಟಿಕ್ಸ್‌ನ ರೆಕ್ಕೆ ಮಡಚ್ತಿರಲಿಲ್ಲ. ರೆಕ್ಕೆ ಮಡಚೋ ಸ್ಟಿಕ್ಸ್ ಬಂದ ಮೇಲೆ ಅಷ್ಟಗಲ ಪೆಟ್ಟಿಗೆ ಬೇಕಾಗಲಿಲ್ಲ, ಓಸಾ-2ಕ್ಕೆ ದುಂಡನೆ ಕೊಳವೆ ಸಾಕಾಯ್ತು. ಮಿಸೈಲ್ ಒಳಗೇ ಇದ್ರೂ, ಆ ಕೊಳವೆಯ ಆಕಾರ ಒಂದನ್ನೇ ಫೋಟೋದಲ್ಲಿ ನೋಡಿ, ಒಳಗೆ ಹೊಸ ಸ್ಟಿಕ್ಸ್ ಬಂದಿದೆ ಅಂತ ಹೇಳಬಹುದಿತ್ತು. ಚಪಲ್ ಮೇಲೆ ಹತ್ತಿದಾಗ ಎರಡೂ ಪಕ್ಕ ಎರಡೆರಡು ಕೊಳವೆ ಇದೆ, ದುಂಡಗಿದೆ, ಹತ್ರ ಹೋಗಿ ಕೈಯಿಟ್ಟು ನೋಡಿ.